ಪ್ಲಾಟ್ ತಗೊಳ್ರಿ, ಆದ್ರ ಫೈಲ್ ನೀವೂ ಓದ್ರಿ

ಈಗೀಗ ನಮ್ಮ ಧಾರವಾಡದ ಕಡೆ ಅರಿಷಿಣ-ಕುಂಕುಮಕ್ಕ ನಾಕ ಮಂದಿ ಹೆಂಗಸರು ಕೂಡಿದ್ರ ಸೀರಿ ಸುದ್ದಿ ಹಿಂದ, ಪ್ಲಾಟಿನ ಸುದ್ದಿ ಮುಂದ. ಬೈಪಾಸ್ ಆಚೆ ಸಸ್ತಾ ಅದಂತ, ಮುಂದಿನ ವರ್ಷ ದುಪ್ಪಟ್ಟು ಆಗ್ತದಂತ. ಆದ್ರ "ಅದರ ಕಾಗದ ನೀವು ಓದೀರೇನು?" ಅಂತ ಒಬ್ಬರೂ ಕೇಳಂಗಿಲ್ಲ. "ಅದೆಲ್ಲಾ ಇವರಿಗೆ ಗೊತ್ತು" ಅಂತ ಹೇಳಿ ಉಪ್ಪಿಟ್ಟಿನ ಪ್ಲೇಟ್ ಕೈಗೆ ತಗೋತೇವಿ.

ರೊಕ್ಕ ಮಾತ್ರ ಯಾರದು ಅಂತ ಸ್ವಲ್ಪ ವಿಚಾರ ಮಾಡ್ರಿ. ಬ್ಯಾಂಕ್ ಸಾಲ ಒಂದಿಷ್ಟು, ಭಿಶಿ ಎತ್ತಿದ್ದು ಒಂದಿಷ್ಟು, ಕಡಿಮಿ ಬಿದ್ದದ್ದಕ್ಕ ನಮ್ಮ ಪಾಟ್ಲಿ, ಬಿಲ್ವಾರ. ತವರಿನವರು ಹಾಕಿದ ಬಂಗಾರ ಕಾಯ್ದೆ ಪ್ರಕಾರ ಹೆಣ್ಣಮಗಳ ಸ್ವಂತ ಆಸ್ತಿ, ಸ್ತ್ರೀಧನ. ಅದನ್ನ ಕೊಡೋವಾಗ ತೂಕಾ ಎರಡ ಸಲ ನೋಡ್ತೇವಿ. ಅದರಿಂದ ಬಂದ ಪ್ಲಾಟಿನ ಕಾಗದ ಒಂದ ಸಲನೂ ನೋಡಂಗಿಲ್ಲ. ಇದು ನನಗ ಸರಿ ಅನಸಂಗಿಲ್ಲ.

ಮೊದಲ ಪ್ರಶ್ನೆ, ಸಸ್ತಾ ಯಾಕ ಸಿಗ್ತದ? ಹೊಲದಾಗ ಸುಣ್ಣದ ಗೆರಿ ಹೊಡದು ಗುಂಟೆ ಲೆಕ್ಕದಾಗ ಮಾರ್ತಾರ. ಎಕರೇಕ 40 ಗುಂಟೆ, ಒಂದ ಗುಂಟೆ ಅಂದ್ರ 1,089 ಚದರ ಫೂಟು. ಆದ್ರ ಉತಾರದಾಗ ಅದು ಇನ್ನೂ ಹೊಲಾನ ಇರ್ತದ. ಮನಿ ಕಟ್ಟಬೇಕಂದ್ರ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಎನ್.ಎ. ಆಗಬೇಕು, ಆಮ್ಯಾಲೆ ನಮ್ಮಲ್ಲೆ ಹುಡಾದವರು ಲೇಔಟ್ ನಕ್ಷೆ ಮಂಜೂರು ಮಾಡಬೇಕು, ರಸ್ತಾಕ್ಕ, ಗಟಾರಕ್ಕ, ಪಾರ್ಕಿಗೆ ಜಾಗಾ ಬಿಡಬೇಕು. ಇದನ್ನೆಲ್ಲಾ ಬಿಟ್ಟಿದ್ದಕ್ಕ ಅದು ಸಸ್ತಾ. ಉಳದ ರೊಕ್ಕ ಮಾರಿದವನ ಕಿಸೆಕ್ಕ ಹೋಗ್ತದ. ಗಟಾರಿಲ್ಲದ ಮಳಿ ನೀರು ಹೊಸ್ತಿಲ ದಾಟಿ ಬಂದಾಗ ಬಳದು ಹಾಕೋರು ನಾವು. ಕುಡಿಯೋ ನೀರಿಗೆ ಟ್ಯಾಂಕರ್ ದಾರಿ ಕಾಯೋರೂ ನಾವು.

"ಸರ್ಕಾರದವರು ಬಿ ಖಾತಾ ಕೊಡ್ತಾರಲ್ಲರೀ" ಅಂತ ಕೆಲವರು ಹೇಳ್ತಾರ. ಕೊಡ್ತಾರ, ಖರೆ. 2025ರಾಗ ಊರೂರಿಗೂ ಆಂದೋಲನ ಮಾಡಿ, ಒಂದ ಸಲ ಎರಡ ಪಟ್ಟು ತೆರಿಗಿ ಕಟ್ಟಿಸ್ಕೊಂಡು ಬಿ ಖಾತಾ ಕೊಟ್ರು. ಆದ್ರ ತೆರಿಗಿ ಕಟ್ಟಿಸ್ಕೊಂಡ ಮಾತ್ರಕ್ಕ ಅನಧಿಕೃತ ಲೇಔಟ್ ಅಧಿಕೃತ ಆಗಂಗಿಲ್ಲ. ಅಕ್ರಮ-ಸಕ್ರಮ ಅಂತ ಎಷ್ಟ ವರ್ಷ ಕಾದ್ವಿ, 2017ರ ಜನವರಿಯೊಳಗ ಸುಪ್ರೀಂ ಕೋರ್ಟ್ ಅದಕ್ಕ ತಡೆ ಕೊಡ್ತು.

ಈಗಾಗಲೇ ಮನಿ ಕಟ್ಟಿ, ಮಕ್ಕಳ ಮರಿ ಕಟಿಗೊಂಡು ಇದ್ದವರನ್ನ ಹೊರಗ ಹಾಕ್ರಿ ಅಂತ ನಾ ಹೇಳಂಗಿಲ್ಲ. ಅವರಿಗೆ ಒಂದ ದಾರಿ ಬೇಕ ಬೇಕು. ಆದ್ರ ಪ್ರತಿ ಸಲ ಹಿಂಗ ಮಾಡಿದಾಗ, ಮುಂದಿನ ಹೊಲದಾಗ ಗೆರಿ ಹೊಡಿಯೋನು "ಇದೂ ಮುಂದ ಸಕ್ರಮ ಆಗ್ತದರಿ" ಅಂತ ಧೈರ್ಯಾ ಹೇಳ್ತಾನ. ತಪ್ಪು ಮಾಡಿದವನು ರೊಕ್ಕ ಎಣಿಸ್ಕೊಂಡು ಹೋಗಿರ್ತಾನ, ದಂಡ ಕಟ್ಟೋರು ಕೊಂಡವರು. ಸುಣ್ಣದ ಗೆರಿ ಬಿದ್ದ ದಿನಾನ ಬಂದು ಅಧಿಕಾರಿಗಳು ನಿಲ್ಲಸಬೇಕು, ಮನಿಗೋಳ ಎದ್ದ ಮ್ಯಾಲೆ ಅಲ್ಲ.

ಹಂಗಾರ ನಾವು ಏನ ಕೇಳಬೇಕು? ಲೇಔಟಿನ ರೇರಾ ನಂಬರ್ ಕೇಳ್ರಿ. 2016ರ ಕಾಯ್ದೆ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಜಾಗಾದಾಗ ಎಂಟಕ್ಕಿಂತ ಹೆಚ್ಚು ಪ್ಲಾಟ್ ಹಾಕಿ ಮಾರೋರು ರೇರಾದಾಗ ನೋಂದಣಿ ಮಾಡಿಸಬೇಕು, ಆ ನಂಬರ್ ಜಾಹೀರಾತಿನಾಗೂ ಇರಬೇಕು. ಕರಾರು ಪತ್ರ ನೋಂದಣಿ ಆಗೋಕಿಂತ ಮೊದಲ ನೂರಕ್ಕ 10ಕ್ಕಿಂತ ಹೆಚ್ಚು ರೊಕ್ಕ ತಗೊಳ್ಳಂಗಿಲ್ಲ. ಬರೇ ಪವರ್ ಆಫ್ ಅಟಾರ್ನಿ ಮ್ಯಾಲೆ ಕೊಡ್ತೇನಿ ಅಂದ್ರ ಎದ್ದ ಬರ್ರಿ. ಅದರಿಂದ ಮಾಲಕಿ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳೇದ. ಇಸಿ ಈಗ ಕಾವೇರಿ ಪೋರ್ಟಲ್ಲಿನಾಗ ಮನ್ಯಾಗ ಕೂತು ತಗಿಬಹುದು, ಮೊಬೈಲ್ ನೋಡೋ ಮಕ್ಕಳಿಗೆ ಹೇಳ್ರಿ. ಆದ್ರ ಅದರಾಗ ನೋಂದಣಿ ಆದ ವ್ಯವಹಾರ ಅಷ್ಟ ಕಾಣ್ತಾವ, ಮನಿಯೊಳಗಿನ ತಕರಾರು ಕಾಣಂಗಿಲ್ಲ.

ಅದಕ್ಕ ಇನ್ನೊಂದ ಪ್ರಶ್ನೆ ಹೆಂಗಸರಾದ ನಾವ ಕೇಳಬೇಕು, ಮಾರೋರ ಅಕ್ಕ-ತಂಗ್ಯಾರ ಸಹಿ ಅದನೋ ಇಲ್ಲೋ? ಹಿರಿಯರ ಆಸ್ತಿಯೊಳಗ ಹೆಣ್ಣಮಕ್ಕಳಿಗೂ ಸಮಪಾಲು ಅಂತ ನಮ್ಮ ರಾಜ್ಯದಾಗ 1994ರಾಗ, ದೇಶಕ್ಕೆಲ್ಲಾ 2005ರಾಗ ಕಾಯ್ದೆ ಬಂತು. ಒಬ್ಬ ಹೆಣ್ಣಮಗಳಿಗೆ ಹೇಳದ ಮಾರಿದ ಜಾಗಾದಾಗ ನಾವು ಅಡಗಿಮನಿ ಕಟ್ಟೋದು ಬ್ಯಾಡ. ಕೋರ್ಟಿನ ಅಂಜಿಕಿ ಒಂದ ಕಡೆ ಇರ್ಲಿ, ಅಕಿ ಕಣ್ಣೀರು ನಮಗ ಬ್ಯಾಡ.

ಇನ್ನ ಹೆಸರಿನ ಮಾತು. ಪ್ರಧಾನಮಂತ್ರಿ ಆವಾಸ್ ಯೋಜನೆಯೊಳಗ ಮನಿ ಹೆಣ್ಣಮಗಳ ಹೆಸರಿಲೆ ಇಲ್ಲಾ ಜಂಟಿ ಇರಬೇಕು ಅಂತ ಒತ್ತು ಕೊಟ್ಟಾರ. ದಿಲ್ಲಿಯೊಳಗ ಖರೀದಿಗೆ ಮುದ್ರಾಂಕ ಶುಲ್ಕ ಗಂಡಸರಿಗೆ ನೂರಕ್ಕ 6, ಹೆಂಗಸರಿಗೆ 4. ಬಾಜೂ ಮಹಾರಾಷ್ಟ್ರದಾಗೂ ಮನಿಗೆ ನೂರಕ್ಕ 1 ಕಡಿಮಿ. ನಮ್ಮಲ್ಲೆ ಅಂಥಾ ರಿಯಾಯಿತಿ ಇಲ್ಲ, ಬದಲಿಗೆ 2025ರ ಆಗಸ್ಟ್ 31ರಿಂದ ನೋಂದಣಿ ಫೀ ನೂರಕ್ಕ 1 ಇದ್ದದ್ದು 2 ಆತು. 30 ಲಕ್ಷದ ಪ್ಲಾಟಿಗೆ 30 ಸಾವಿರ ಇದ್ದದ್ದು 60 ಸಾವಿರ. ಹೆಚ್ಚ ಮಾಡೋದು ಮಾಡ್ಯಾರ, ಹೆಣ್ಣಮಗಳ ಹೆಸರಿಲೆ ಕೊಂಡವರಿಗಾದ್ರೂ ಸ್ವಲ್ಪ ಬಿಡಬೇಕಾಗಿತ್ತು. ಅದರ ಸಲುವಾಗಾದ್ರೂ ಎಷ್ಟೋ ಮನ್ಯಾಗ ಆಕಿ ಹೆಸರು ಕಾಗದಕ್ಕ ಬರ್ತದ.

ಆದ್ರ ಹೆಸರ ಬಂದ ಕೂಡ್ಲೆ ಎಲ್ಲಾ ಮುಗೀತಂತಲ್ಲ. ನಮ್ಮ ಬಳಗದಾಗ ಒಬ್ಬಾಕಿ ಇದ್ದಾಳ, ಪ್ಲಾಟ್ ಅಕಿ ಹೆಸರಿಲೇನ ಇತ್ತು. ಗಂಡ ತೀರ್ಕೊಂಡು ಹದಿನಾಲ್ಕು ದಿನಾ ಆಗಿದ್ದಿಲ್ಲ, ಸಾಲ ಕೊಟ್ಟವರು ಬಾಗಲಕ್ಕ ಬಂದ್ರು. ಆ ಪ್ಲಾಟ್ ಅಡಾ ಇಟ್ಟು ಸಾಲ ತಗೊಂಡಿದ್ರು, ಸಹಿನೂ ಅಕಿದ. "ಇಲ್ಲೆ ಮಾಡು ಅಂದ್ರು, ಮಾಡಿದ್ದೆ" ಅಂದ್ಲು ಪಾಪ. ಅವರಿಬ್ಬರೊಳಗ ಜಗಳಾನೂ ಇದ್ದಿಲ್ಲ, ಮೋಸಾನೂ ಇದ್ದಿಲ್ಲ. ಅವರು ಹೇಳಲಿಲ್ಲ, ಇಕಿ ಕೇಳಲಿಲ್ಲ, ಅಷ್ಟ.

ಕೇಳಿದ್ರ ಸಂಶಯ ಪಟ್ಟಂಗ ಆಗ್ತದ ಅಂತ ಅಂಜಬ್ಯಾಡ್ರಿ. ಕಿರಾಣಿ ಬಿಲ್ ನೋಡೋವಾಗ ಅಂಗಡಿಯವನ ಮ್ಯಾಲೆ ಸಂಶಯ ಅಂತ ನೋಡ್ತೇವೇನು? ಮನಿ ನಡಸೋರು ನೋಡಬೇಕು, ನೋಡ್ತೇವಿ. ಕಾಗದದ ಭಾಷಾ ತಿಳಿಲಿಲ್ಲಂದ್ರ ಮಾರೋರ ವಕೀಲರನ್ನಲ್ಲ, ನಮ್ಮವರೊಬ್ಬ ವಕೀಲರನ್ನ ಹಿಡದು ಓದಿಸ್ರಿ. ಸಹಿ ಮಾಡೋದಿದ್ರ ಹಿಂದಿನ ದಿನಾನ ಮನಿಗೆ ಕಾಗದ ತರಿಸ್ರಿ. ಆಫೀಸಿನಾಗ ನಿಂತು ಅವಸರದಾಗ ಮಾಡೋ ಕೆಲಸಾ ಅಲ್ಲ ಅದು.

ಬಂಗಾರ ಅಡಾ ಇಟ್ಟ ಚೀಟಿ ಯಾವ ಡಬ್ಬಿಯೊಳಗ ಅದ ಅಂತ ಕಣ್ಣ ಮುಚ್ಚಿ ಹೇಳ್ತೀರಿ ನೀವು. ಪ್ಲಾಟಿನ ಖರೀದಿ ಪತ್ರ ಎಲ್ಲಿ ಅದ, ಅದರಾಗ ಏನ ಬರದದ ಅಂತನೂ ಗೊತ್ತಿರ್ಲಿ. ಇವತ್ತ ಸಂಜಿಕೆ ಚಹಾ ಕುಡಿಯೋವಾಗ ಕೇಳಿ ನೋಡ್ರಿ.