ಬಣ್ಣಕ್ಕೆ ಮೊದಲು ದಿನಗಳ ಲೆಕ್ಕ ಹಾಕಿ

ನಿಕಾಹ್ ತಾರೀಖು ಗೊತ್ತಾದ ಮರುದಿನವೇ ನಮ್ಮ ಕಡೆ ಗೌಂಡಿಗೆ ಕರೆ ಹೋಗುತ್ತದೆ. ಇಪ್ಪತ್ತು ದಿನದಲ್ಲಿ ಅಜ್ಜನ ಕಾಲದ ಮನೆ ಹೊಸದಾಗಬೇಕು: ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಪುಟ್ಟಿ, ಪ್ಲಾಸ್ಟಿಕ್ ಪೇಂಟು, ನೆಲಕ್ಕೆ ಹೊಳೆಯುವ ಟೈಲ್ಸು, ತಲೆಯ ಮೇಲೆ ಪಿಓಪಿ. ಮದುವೆ ಮುಗಿದ ಮೇಲೆ ಅದೇ ಮನೆಯವರು ಕೆಮ್ಮು, ಉಬ್ಬಸ, ತಲೆನೋವು, ಚರ್ಮದ ತುರಿಕೆ ಎಂದು ದವಾಖಾನೆಗೆ ಬರುತ್ತಾರೆ. ಊಟದ ಮೇಲೋ ದೃಷ್ಟಿಯ ಮೇಲೋ ದೂರು ಹಾಕುತ್ತಾರೆಯೇ ಹೊರತು ಗೋಡೆಯನ್ನು ಯಾರೂ ಅನುಮಾನಿಸುವುದಿಲ್ಲ.

ದಿನಗಳು ಕಡಿಮೆ ಇದ್ದರೆ ಕೆಲಸವನ್ನು ಕಡಿಮೆ ಮಾಡಿ, ಒಣಗುವ ಸಮಯವನ್ನಲ್ಲ. ಹೊಸ ಗಿಲಾವಿಗೆ ಸುಮಾರು ಏಳು ದಿನ ನೀರುಣಿಸಬೇಕು. ಆಮೇಲೆ ಅದು ಆರಬೇಕು. ಒಟ್ಟು ನಾಲ್ಕು ವಾರ ಆಗದೆ ಅದಕ್ಕೆ ಬಣ್ಣ ಮುಟ್ಟಿಸಬಾರದು ಎನ್ನುವುದು ಕೆಲಸ ಬಲ್ಲವರ ಲೆಕ್ಕ. ಹಾಗಾದರೆ ಇಪ್ಪತ್ತು ದಿನದಲ್ಲಿ ಗಿಲಾವೂ ಬಣ್ಣವೂ ಎರಡೂ ಆಗುವುದು ಹೇಗೆ? ಆಗುವುದಿಲ್ಲ. ಹಸಿ ಗೋಡೆಯ ಮೇಲೆ ಪೇಂಟು ಹೊಡೆಯುತ್ತಾರೆ, ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮಳೆಗಾಲದ ಹೊತ್ತಿಗೆ ಕಪಾಟಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಉಬ್ಬಸದವರಿಗೆ ಆ ಬೂಷ್ಟಿನ ಗಾಳಿ ವಿಷವಿದ್ದಂತೆ.

ಬುಕ್ಕಸಾಗರದಂಥ ಊರಿನಲ್ಲಿ ಇದು ಇನ್ನೂ ಹೆಚ್ಚು. ಒಂದು ಕಡೆ ತುಂಗಭದ್ರೆ, ಸುತ್ತ ಭತ್ತ, ಬಾಳೆ, ಕಬ್ಬಿನ ನೀರಾವರಿ ಗದ್ದೆ. ನೆಲದಲ್ಲಿ ತೇವ ಇದ್ದೇ ಇರುತ್ತದೆ. ಕಲ್ಲು-ಮಣ್ಣಿನ ಹಳೇ ಗೋಡೆ ಆ ತೇವವನ್ನು ಎಳೆದುಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟು ಮತ್ತು ಪ್ಲಾಸ್ಟಿಕ್ ಪೇಂಟು ಮುಚ್ಚುತ್ತವೆ. ಹಳೇ ಗೋಡೆ ಗಟ್ಟಿಯಾಗಿದ್ದರೆ ಅದನ್ನು ಕೆಡವಬೇಡಿ. ಬಿರುಕು ಮುಚ್ಚಿಸಿ, ಸುಣ್ಣ ಹೊಡೆಸಿ. ಸುಣ್ಣ ಬಡವರ ಬಣ್ಣ ಎಂದು ಮೂಗು ಮುರಿಯುವವರು ಒಮ್ಮೆ ಹಂಪಿಗೆ ಹೋಗಿ ಕಮಲ ಮಹಲಿನ ಸುಣ್ಣದ ಗಾರೆ ನೋಡಿ ಬರಲಿ, ಅದು ನಿಂತು ಶತಮಾನಗಳಾದವು.

ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಯುನಾನಿಯಲ್ಲಿ ಅಸ್ಬಾಬ್-ಎ-ಸಿತ್ತಾ ಝರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಹವಾ, ಅಂದರೆ ನಮ್ಮನ್ನು ಸುತ್ತುವರಿದ ಗಾಳಿ. ಅನ್ನ-ನೀರಿನ ಮಾತು ಬರುವುದು ಅದರ ನಂತರ. ಇಬ್ನ್ ಸೀನಾ ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ಗಾಳಿಯ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ. ಆದರೆ ನಾವು ಮನೆ ಚೆಂದ ಮಾಡುವಾಗ ಮೊದಲು ಮುಚ್ಚುವುದೇ ಗಾಳಿಯ ದಾರಿಯನ್ನು. ಮಾಳಿಗೆ ಮನೆಯ ಬೆಳಕಿಂಡಿ ಪಿಓಪಿಗೆ ಅಡ್ಡ ಬಂತೆಂದು ಮುಚ್ಚಿಬಿಡುತ್ತಾರೆ. ಅಡುಗೆಮನೆಯ ಹೊಗೆ, ಬೇಸಿಗೆಯ ಬಿಸಿಗಾಳಿ ಹೊರಹೋಗುತ್ತಿದ್ದುದು ಅದೇ ಕಿಂಡಿಯಿಂದ. ಪಿಓಪಿ ಬೇಕೇ ಬೇಕೆಂದರೆ ಪಡಸಾಲೆಗೆ ಮಾತ್ರ ಮಾಡಿಸಿ, ಕಿಂಡಿಯನ್ನು ಮುಟ್ಟಬೇಡಿ.

ಬಣ್ಣದ ವಾಸನೆ ಹೋಗಲೆಂದು ಲೋಬಾನ ಹಾಕುವವರಿದ್ದಾರೆ. ಪೇಂಟಿನ ಆವಿ ಅದರಿಂದ ಕಡಿಮೆಯಾಗುವುದಿಲ್ಲ, ಅದರ ಜೊತೆಗೆ ಹೊಗೆಯೂ ಸೇರುತ್ತದೆ ಅಷ್ಟೆ. ಕಿಟಕಿ-ಬಾಗಿಲು ತೆರೆದಿಡುವುದೇ ಇದಕ್ಕೆ ಮದ್ದು. ಜೋಶಾಂದಾ ಕುಡಿದು ಅದೇ ಕೋಣೆಯಲ್ಲಿ ಮಲಗುವುದರಲ್ಲೂ ಅರ್ಥವಿಲ್ಲ. ಆಯಿಲ್ ಪೇಂಟ್ ಹೊಡೆದ ಕೋಣೆಯಲ್ಲಿ ವಾಸನೆ ಪೂರ್ತಿ ಹೋಗುವವರೆಗೆ ಗರ್ಭಿಣಿ, ಹಸುಗೂಸು, ಉಬ್ಬಸದವರು ಮಲಗುವುದು ಬೇಡ. ಮದುಮಕ್ಕಳ ಕೋಣೆಗೆ ಹಿಂದಿನ ರಾತ್ರಿ ಬಣ್ಣ ಹೊಡೆಯುವ ಪದ್ಧತಿಯೊಂದು ಬೆಳೆದಿದೆ, ಅದನ್ನಂತೂ ಬಿಟ್ಟುಬಿಡಿ.

ಹಳೇ ಬಾಗಿಲು, ಚೌಕಟ್ಟುಗಳ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಆ ಪುಡಿ ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ನೀರು ಹಚ್ಚಿ ಉಜ್ಜಿಸಿ, ಮಕ್ಕಳನ್ನು ಆ ಹೊತ್ತು ಬೇರೆ ಮನೆಗೆ ಕಳಿಸಿ, ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮಣ್ಣಿನ ಮಾಳಿಗೆ ಇಳಿಸುವಾಗಲೂ ಅಷ್ಟೇ, ಮೊದಲು ನೀರು ಚಿಮುಕಿಸಬೇಕು. ಆ ಮಣ್ಣಿನಲ್ಲಿ ವರ್ಷಗಟ್ಟಲೆಯ ಇಲಿ ಹಿಕ್ಕೆ ಇರುತ್ತದೆ. ಕೆಲಸದವರಿಗೆ ಎನ್-95 ಮಾಸ್ಕ್ ನೀವೇ ತಂದುಕೊಡಿ, ಮುಖಕ್ಕೆ ಕಟ್ಟಿದ ಟವೆಲ್ ಸಣ್ಣ ಧೂಳನ್ನು ತಡೆಯುವುದಿಲ್ಲ.

ಸುಣ್ಣ ಕಲಸುವ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. ಸುಣ್ಣವೋ ಸಿಮೆಂಟೋ ಕಣ್ಣಿಗೆ ಬಿದ್ದರೆ ಉಜ್ಜದೆ ತಕ್ಷಣ ಶುದ್ಧ ನೀರನ್ನು ಕನಿಷ್ಠ ಇಪ್ಪತ್ತು ನಿಮಿಷ ಒಂದೇ ಸಮ ಸುರಿಯಿರಿ, ಆಮೇಲೆ ನೇರ ಕಣ್ಣಿನ ವೈದ್ಯರ ಬಳಿ ಹೋಗಿ. ಗುಲಾಬಿ ಅರ್ಕ್ ಹುಡುಕುತ್ತಾ ಕೂರಬೇಡಿ, ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಇನ್ನು ಗಿಲಾವಿಗೆಂದು ನೀರು ತುಂಬಿಟ್ಟ ಡ್ರಮ್ಮು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಒಳಗೆ ತಿಕ್ಕಿ, ಮುಚ್ಚಿಡಿ.

ಇಪ್ಪತ್ತು ದಿನ, ಕೈಯಲ್ಲಿ ಅಷ್ಟಿಷ್ಟು ದುಡ್ಡು ಇದ್ದರೆ ಏನು ಮಾಡಿಸಬೇಕು? ನನ್ನನ್ನು ಕೇಳಿದರೆ ಮೊದಲು ಸೋರುವ ಮಾಳಿಗೆ, ಆಮೇಲೆ ಪಾಯಖಾನೆ. ಮದುವೆಗೆ ಬರುವ ಐವತ್ತು ಜನ ನಿಮ್ಮ ಗೋಡೆಯ ಬಣ್ಣವನ್ನು ಒಂದು ಗಳಿಗೆ ನೋಡುತ್ತಾರೆ, ಪಾಯಖಾನೆಯನ್ನು ಎಲ್ಲರೂ ಬಳಸುತ್ತಾರೆ. ಅಲ್ಲಿ ಒಂದು ದೀಪ, ಗಾಳಿಕಿಂಡಿ, ಹೊರಗೆ ಕೈತೊಳೆಯಲು ನಲ್ಲಿ ಮತ್ತು ಸಾಬೂನು, ಹಿಡಿದು ಏಳಲು ಗೋಡೆಗೆ ಒಂದು ಕಬ್ಬಿಣದ ಹಿಡಿಕೆ. ಇದಕ್ಕೆ ಮೂರು ದಿನದ ಕೆಲಸ ಸಾಕು. ನೆಲದ ಕಡಪ ಕಲ್ಲು ಗಟ್ಟಿಯಿದ್ದರೆ ತೊಳೆಸಿ ಹಾಗೇ ಬಿಡಿ. ಹೊಳೆಯುವ ಟೈಲ್ಸಿನ ಮೇಲೆ ವುಝೂ ಮಾಡಿದ ಒದ್ದೆ ಕಾಲಿಟ್ಟು ಜಾರಿದ ಅಜ್ಜಿಗೆ ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ. ಉಳಿದ ದಿನಗಳಲ್ಲಿ ಸುಣ್ಣ ಹೊಡೆಸಿ, ಪರದೆ ಒಗೆಯಿರಿ, ಗಾದಿಗಳನ್ನು ಬಿಸಿಲಿಗೆ ಹಾಕಿ. ಪ್ಲಾಸ್ಟಿಕ್ ಪೇಂಟಿನ ಆಸೆ ಇನ್ನೂ ಉಳಿದಿದ್ದರೆ ಮಳೆಗಾಲ ಕಳೆದು ಗೋಡೆ ಪೂರ್ತಿ ಒಣಗಿದ ಮೇಲೆ ಗೌಂಡಿಯನ್ನು ಕರೆಸಿ ಮಾತಾಡಿ. ಆಗ ಅವನಿಗೂ ಪುರುಸೊತ್ತಿರುತ್ತದೆ.