ವಾರಸುದಾರರಿಲ್ಲದ ಗವಿಗಳು

ಪುಣೆಯ ಬಿಬವೇವಾಡಿಯಂಥ ಬಡಾವಣೆಯ ಹಳೆಯ ಮನೆಗಳಲ್ಲಿ ಕಾಲಿಗೆ ತಣ್ಣಗೆ ತಾಗುವುದು ಬೂದುಬಣ್ಣದ ಚಪ್ಪಡಿ. ಮರಾಠಿಯಲ್ಲಿ ಅದಕ್ಕೆ ಶಹಾಬಾದಿ ಫರಶಿ ಎಂದು ಹೆಸರು. ಟೈಲ್ಸ್ ಬಂದ ಮೇಲೆ ಅದು ನಡುಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಂಗಳಕ್ಕೆ ಸರಿದಿದೆ, ಆದರೂ ಹೋಗಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್ ಸೊಲ್ಲಾಪುರ–ವಾಡಿ ರೈಲು ಹಾದಿಯಲ್ಲಿದೆ. ಆ ಸೀಮೆಯ ಜನ ಕೆಲಸ ಹುಡುಕಿಕೊಂಡು ಪುಣೆಗೆ ಬಂದ ದಿಕ್ಕಿನಲ್ಲೇ ಅಲ್ಲಿಯ ಕಲ್ಲೂ ಬಂತು. ಬರಲೇಬೇಕಿತ್ತು. ಪುಣೆಯ ನೆಲವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಗಟ್ಟಿಯಾದ ಕರಿಗಲ್ಲು. ಭೀಮಾ ತೀರದ ಸುಣ್ಣದಕಲ್ಲು ಅಲ್ಲಿಲ್ಲ.

ಕಲ್ಲಿನ ಈ ವ್ಯತ್ಯಾಸದಿಂದ ಗವಿಗಳ ಹಣೆಬರಹವೂ ಬೇರೆಯಾಗಿದೆ. ಕರಿಗಲ್ಲಿನ ಸೀಮೆಯಲ್ಲಿ ಹೆಸರಾದ ಗುಹೆಗಳೆಲ್ಲ ಮನುಷ್ಯ ಉಳಿ ಹಿಡಿದು ಕೊರೆದವು: ಕಾರ್ಲೆ, ಭಾಜೆ, ಪುಣೆಯ ಜಂಗಲಿ ಮಹಾರಾಜ ರಸ್ತೆಯ ಮಗ್ಗುಲಲ್ಲೇ ಇರುವ, ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ. ಬಸ್ಸು, ರಿಕ್ಷಾ, ಹೋಟೆಲುಗಳ ನಡುವೆಯೂ ಪಾತಾಳೇಶ್ವರ ಉಳಿದಿದೆ, ಏಕೆಂದರೆ ಅಲ್ಲಿ ಕೆತ್ತನೆ ಇದೆ, ದೇವರಿದೆ, ಕೇಂದ್ರ ಪುರಾತತ್ವ ಇಲಾಖೆಯ ಫಲಕವಿದೆ. ಸುಣ್ಣದಕಲ್ಲಿನ ಸೀಮೆಯಲ್ಲಿ ಗವಿ ಕೊರೆಯುವುದು ನೀರು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ, ಬಿರುಕಿಗಿಳಿದು ಕಲ್ಲನ್ನು ಕರಗಿಸುತ್ತದೆ. ಅದು ಬಿಟ್ಟುಹೋದ ಪೊಳ್ಳಿನಲ್ಲಿ ಪ್ರಾಣಿಗಳು ಸೇರಿದವು, ಆಮೇಲೆ ಮನುಷ್ಯರು ಸೇರಿದರು. ಯಾರೂ ಕೆತ್ತಲಿಲ್ಲ, ಯಾರೂ ಬರೆಯಲಿಲ್ಲ. ಇಂಥ ಗವಿಯ ಕಥೆಯೆಲ್ಲ ಅದರ ಅಡಿಯ ಮಣ್ಣಿನಲ್ಲಿದೆ. ಆ ಮಣ್ಣಿಗೆ ಈ ದೇಶದಲ್ಲಿ ಕೇಳುವವರಿಲ್ಲ.

ಮಣ್ಣಿನಲ್ಲಿ ಅಂಥದ್ದೇನಿದೆ? ಮೂಳೆಗಳಿವೆ. ಹುಳಿಮಣ್ಣಿನಲ್ಲಿ ಮೂಳೆ ಬೇಗ ಕರಗಿಹೋಗುತ್ತದೆ. ಸುಣ್ಣ ತುಂಬಿದ ಗವಿಯ ಮಣ್ಣಿನಲ್ಲಿ ಅದು ಸಾವಿರಾರು ವರ್ಷ ಉಳಿಯಬಲ್ಲದು. ಕಲ್ಲಿನ ಕೊಡಲಿ ಹೊಲದಲ್ಲೂ ಸಿಗುತ್ತದೆ. ಆ ಕೊಡಲಿ ಹಿಡಿದವನ ಸುತ್ತ ಯಾವ ಪ್ರಾಣಿಗಳಿದ್ದವು, ಅವನು ಏನು ತಿಂದ, ಕಾಡು ಎಷ್ಟು ದಟ್ಟವಾಗಿತ್ತು ಎಂಬುದಕ್ಕೆ ಮೂಳೆಗಳೇ ಸಾಕ್ಷಿ ಹೇಳಬೇಕು.

ಬಳ್ಳಾರಿಯ ಗಡಿ ದಾಟಿ ಕರ್ನೂಲು ಸೀಮೆಗೆ ಹೋದರೆ ಬೇತಂಚೆರ್ಲದ ಹತ್ತಿರ ಬಿಲ್ಲಸುರ್ಗಂ ಎಂಬ ಕಮರಿ ಇದೆ. ಎರಡೂ ಬದಿಯ ಸುಣ್ಣದಕಲ್ಲಿನ ಗೋಡೆಗಳಲ್ಲಿ ಗವಿಗಳು ಬಾಯಿ ತೆರೆದು ನಿಂತಿವೆ. 1844ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಇಲ್ಲಿಯ ಮೂಳೆಗಳ ಬಗ್ಗೆ ಬರೆದ. ನಲವತ್ತು ವರ್ಷಗಳ ಬಳಿಕ, 1884–85ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ತನ್ನ ಮಗನ ಜೊತೆ ಬಂದು ಗವಿಗಳ ನೆಲ ಅಗೆದ. ಬಳ್ಳಾರಿಯ ಸಂಗನಕಲ್ಲಿನ ಕಾರಣಕ್ಕೆ ಕನ್ನಡಿಗರಿಗೆ ಪರಿಚಿತನಾದ, ಭಾರತದ ಪ್ರಾಗಿತಿಹಾಸಕ್ಕೆ ತಳಪಾಯ ಹಾಕಿದ ಫೂಟ್ ಇವನೇ. ಇಲ್ಲಿಂದ ಬಂದ ಪ್ರಾಣಿಗಳ ಮೂಳೆಗಳಲ್ಲಿ ಖಡ್ಗಮೃಗದ್ದೂ ಇತ್ತು. ಇಂದು ಬಿಸಿಲಿಗೆ ಬಿರಿದ ಆ ಬೋಳುನೆಲದಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತು ಎಂಬುದಕ್ಕೆ ಯಾವ ಶಾಸನವೂ ಸಾಕ್ಷಿಯಿಲ್ಲ. ಗವಿಯ ಮಣ್ಣಿನಲ್ಲಿದೆ.

1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿ ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯನ್ನು ಅಗೆದು ಮೂಳೆಯ ಉಪಕರಣಗಳನ್ನು ಹೊರತೆಗೆದರು. ಚಿಂತಮಾನು ಎಂದರೆ ತೆಲುಗಿನಲ್ಲಿ ಹುಣಸೆಮರ. ಗವಿ ಎಂಬುದಕ್ಕೆ ಕನ್ನಡದವರಿಗೆ ಅನುವಾದ ಬೇಡ. ಸ್ವಲ್ಪ ದೂರದ ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಸಂಶೋಧಕರು ಸೇರಿ ಕೆಲಸ ಮಾಡಿದರು. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಸಿಡಿದಾಗ ಹಾರಿಬಂದ ಬೂದಿ ಅಲ್ಲಿ ದಪ್ಪ ಪದರವಾಗಿ ಕೂತಿದೆ. ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕವು ಎಂದು 2007ರಲ್ಲಿ ಪ್ರಕಟವಾದಾಗ ಜಗತ್ತಿನ ವಿದ್ವಾಂಸರೆಲ್ಲ ತಿರುಗಿ ನೋಡಿದರು. ಅದೇ ಕಣಿವೆಯ ಒಂದು ಕಲ್ಲಾಸರೆಯಲ್ಲಿ ಸುಮಾರು 35,000 ವರ್ಷಗಳಷ್ಟು ಹಿಂದಿನ ಸೂಕ್ಷ್ಮ ಶಿಲಾಯುಧಗಳು ಸಿಕ್ಕವು. ಇತ್ತ ಊರಿನಲ್ಲಿ ಆ ಬೂದಿಯನ್ನು ಅಗೆದು, ಉಜ್ಜಿ ತೊಳೆಯುವ ಪುಡಿಗೆಂದು ಮಾರುತ್ತಿದ್ದರು. ಮನುಷ್ಯಕುಲದ ಅತಿ ದೊಡ್ಡ ಪ್ರಶ್ನೆಗಳಲ್ಲೊಂದಕ್ಕೆ ಉತ್ತರ ಹುದುಗಿರುವ ಬೂದಿಯಲ್ಲಿ ಪಾತ್ರೆ ಬೆಳಗುವುದಾಯಿತು.

ಇದರಲ್ಲಿ ಹಳ್ಳಿಯವರನ್ನು ಹಳಿಯುವುದು ಸುಲಭ, ಸುಳ್ಳು ಕೂಡ. ಬೂದಿಗೆ ಬೇರೆ ಬೆಲೆ ಇದೆ ಎಂದು ಅವರಿಗೆ ಯಾವ ಸರಕಾರ ಹೇಳಿತ್ತು? ಗಣಿಗಳೂ ಬರೀ ಖಳರಲ್ಲ. ಜ್ವಾಲಾಪುರಂನ ಪದರಗಳು ಕಣ್ಣಿಗೆ ಬಿದ್ದದ್ದು ಬೂದಿ ತೆಗೆದ ಗುಂಡಿಗಳಿಂದಲೇ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಮೇಲಣ ಮಣ್ಣನ್ನು ನೀರಾವರಿ ಕೆಲಸಕ್ಕೆ ತೆಗೆದ ಮೇಲೆ ಸುಣ್ಣದಕಲ್ಲಿನ ಹಾಸು ತೆರೆದುಕೊಂಡಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದಾಗ ಕಂಡದ್ದು ಆದಿಮಾನವರು ಕೈಗೊಡಲಿ ಮಾಡುತ್ತಿದ್ದ ಜಾಗ, ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಕರ್ನಾಟಕದ ಸುಣ್ಣದಕಲ್ಲಿನ ಮೊದಲ ಕ್ವಾರಿ ಅದೇ ಎನ್ನಬಹುದು. ಅಗೆಯುವುದು ಎಂಬ ಅರ್ಥದ ಒಂದೇ ಧಾತುವಿನಿಂದ ಉತ್ಖನನವೂ ಬಂತು, ಖನಿಯೂ ಬಂತು. ಖನಿಯೇ ಕನ್ನಡದ ಬಾಯಲ್ಲಿ ಗಣಿಯಾಯಿತು. ಎರಡರ ನಡುವಿನ ಅಂತರ ಇಷ್ಟೇ: ಉತ್ಖನನ ಪದರ ಪದರವಾಗಿ ನೋಡಿ, ಅಳೆದು, ಬರೆದಿಡುತ್ತದೆ. ಗಣಿ ನೋಡದೆ ತೆಗೆಯುತ್ತದೆ. ಒಮ್ಮೆ ತೆಗೆದ ಪದರವನ್ನು ಯಾರೂ ಮತ್ತೆ ಹಾಸಲಾರರು.

ಹಾಗಾದರೆ ಯಾವ ಗವಿ ಉಳಿಯುತ್ತದೆ? ಉತ್ತರ ಕನ್ನಡದ ಯಾಣದ ಬಂಡೆಯ ಒಡಲಲ್ಲಿ ಭೈರವೇಶ್ವರನಿದ್ದಾನೆ. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಲ್ಲೇ ಶಿವಲಿಂಗ. ಕರ್ನೂಲು ಸೀಮೆಯ ಯಾಗಂಟಿಯ ಗವಿಗಳಿಗೆ ಅಗಸ್ತ್ಯನ ಹೆಸರಿದೆ, ವೀರಬ್ರಹ್ಮನ ಹೆಸರಿದೆ. ಭಕ್ತಿ ಇವುಗಳನ್ನು ಕಾದಿದೆ. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಇನ್ನೊಂದು ದಾರಿ ಬೇಲಂ ಗುಹೆಯದು. ಮೂರು ಕಿಲೋಮೀಟರಿಗೂ ಉದ್ದದ ಆ ಗುಹೆಗೆ ಆಂಧ್ರದ ಪ್ರವಾಸೋದ್ಯಮ ನಿಗಮ ದೀಪ, ದಾರಿ, ಟಿಕೆಟ್ ಒದಗಿಸಿತು. ದೇವರು ಇಲ್ಲವೇ ಟಿಕೆಟ್ ಎಂಬ ಎರಡೇ ಬಾಗಿಲುಗಳಿಂದ ಗವಿಯೊಂದು ಸರಕಾರದ ಕಣ್ಣಿಗೆ ಬೀಳುತ್ತದೆ. ಎರಡು ಬಾಗಿಲಿಗೂ ಮೊದಲ ಕಾಣಿಕೆ ಗವಿಯ ನೆಲವೇ. ಮೆಟ್ಟಿಲು ಬೇಕು, ಸಮತಟ್ಟು ಬೇಕು, ಮೇಲೆ ಚಪ್ಪಡಿ ಬೇಕು. ಓದಬೇಕಾದ ಮಣ್ಣನ್ನು ಕಸವೆಂದು ಹೊರಗೆ ಚೆಲ್ಲಿದರೆ ಗವಿ ಉಳಿದೂ ಉಳಿದಂತಲ್ಲ.

ಕಾನೂನು ಇಲ್ಲ ಎನ್ನುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕವೆಂದರೇನು ಎಂದು ವಿವರಿಸುವಾಗ ಕಟ್ಟಡ, ಗೋರಿಗಳ ಜೊತೆ ಗುಹೆಯನ್ನೂ ಹೆಸರಿಸುತ್ತದೆ. ನೂರು ವರ್ಷವಾಗಿರಬೇಕು, ಐತಿಹಾಸಿಕ, ಪುರಾತತ್ವದ ಅಥವಾ ಕಲೆಯ ಮಹತ್ವ ಇರಬೇಕು, ಅಷ್ಟೇ. ಮನುಷ್ಯನೇ ಕೊರೆದಿರಬೇಕು ಎಂಬ ಷರತ್ತಿಲ್ಲ. 2010ರ ತಿದ್ದುಪಡಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆದರೆ ಈ ರಕ್ಷಣೆ ಸಿಗುವುದು ಅಧಿಸೂಚನೆ ಹೊರಟ ಮೇಲೆ. ಅಧಿಸೂಚನೆ ಹೊರಡಲು ಯಾರಾದರೂ ಕೇಳಬೇಕು. ದೇವಸ್ಥಾನಕ್ಕೆ ಭಕ್ತರು ಕೇಳುತ್ತಾರೆ. ಹಲ್ಮಿಡಿ ಶಾಸನದ ಬಗ್ಗೆ ಕನ್ನಡಿಗರು ಕೇಳುತ್ತಾರೆ, ಕೋಟೆಗೆ ಅದನ್ನು ಕಟ್ಟಿಸಿದ ರಾಜನ ಕುಲದವರು ಕೇಳುತ್ತಾರೆ. 35,000 ವರ್ಷಗಳ ಹಿಂದಿನ ಕಲ್ಲಾಸರೆಗೆ ಯಾರು ಕೇಳಬೇಕು? ಅಲ್ಲಿ ಕೂತು ಕಲ್ಲು ಚಕ್ಕೆ ಎಬ್ಬಿಸಿದವರು ಕನ್ನಡಿಗರಲ್ಲ, ತೆಲುಗರಲ್ಲ, ಹಿಂದೂಗಳಲ್ಲ, ಯಾವ ಜಾತಿಯವರೂ ಅಲ್ಲ. ಅವರ ನುಡಿ ಯಾವುದೆಂದು ಹೇಳುವ ಶಕ್ತಿ ಭಾಷಾವಿಜ್ಞಾನಕ್ಕಿಲ್ಲ. ಅದರ ಹತ್ಯಾರುಗಳು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಎಲ್ಲರಿಗೂ ಸೇರಿದ್ದು ಯಾರಿಗೂ ಬೇಡವಾಗಿದೆ.

ಈ ದೇಶದಲ್ಲಿ ಪರಂಪರೆ ಎಂಬ ಮಾತು ಆಸ್ತಿ ಹಕ್ಕಿನ ಮಾತಾಗಿಬಿಟ್ಟಿದೆ. ನಮ್ಮದು ಎಂದು ಎದೆ ತಟ್ಟಿಕೊಳ್ಳಲು ಬಂದರೆ ಮಾತ್ರ ಕಾಯುತ್ತೇವೆ ಎಂಬ ಧೋರಣೆ ಅದರ ತಳದಲ್ಲಿದೆ. ಹೊಟ್ಟೆಪಾಡಿನ ಮಾತನ್ನು ಆಮೇಲೆ ಅಡ್ಡ ತರಲಾಗುತ್ತದೆ: ಗವಿ ನೋಡುತ್ತ ಕೂತರೆ ಕಲ್ಲು ಒಡೆಯುವವರ ಒಲೆ ಉರಿಯುವುದು ಹೇಗೆ? ಒಲೆ ಉರಿಯಲೇಬೇಕು. ಆದರೆ ಭೀಮಾ ತೀರದಿಂದ ಕರ್ನೂಲಿನವರೆಗೆ ಸುಣ್ಣದಕಲ್ಲಿನ ಹಾಸು ವಿಶಾಲವಾಗಿದೆ. ಅದರಲ್ಲಿ ಗವಿ, ಕಲ್ಲಾಸರೆ ಇರುವ ಕಮರಿಗಳು ಕೆಲವೇ. ಅವನ್ನು ಬಿಟ್ಟು ಕಡಿದರೆ ಯಾವ ಕೂಲಿಯವನ ಅನ್ನವೂ ಹೋಗುವುದಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಕಟ್ಟಡದ ಕಲ್ಲಿನಂಥ ಉಪಖನಿಜಗಳಿಗೆ ಜಿಲ್ಲಾ ಸಮೀಕ್ಷಾ ವರದಿ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ಆ ವರದಿಯಲ್ಲಿ ಗವಿ, ಕಲ್ಲಾಸರೆಗಳ ಪಟ್ಟಿಯೂ ಇರಲಿ, ಅದಕ್ಕೆ ಪುರಾತತ್ವಜ್ಞರೊಬ್ಬರು ಸಹಿ ಹಾಕಲಿ. ಗುತ್ತಿಗೆ ಕೊಡುವ ಮೊದಲು ಧಾರವಾಡದವರೋ ಪುಣೆಯವರೋ ಒಮ್ಮೆ ನಡೆದು ನೋಡಲಿ. ಗಡಿಯ ಆಚೆ ಈಚೆ ಎರಡು ಸರಕಾರಗಳು ಈ ಪಟ್ಟಿಯನ್ನು ಹಂಚಿಕೊಳ್ಳಲಿ, ಏಕೆಂದರೆ ಕಲ್ಲಿನ ಪದರ 1956ರ ಗೆರೆ ನೋಡಿ ನಿಂತಿಲ್ಲ. ಪ್ರವಾಸೋದ್ಯಮದವರು ದೀಪ ಎಳೆಯುವ ಮೊದಲು ನೆಲದ ಒಂದು ಭಾಗವನ್ನಾದರೂ ಮುಟ್ಟದೆ ಬಿಡಲಿ. ಮುಂದಿನವರ ಬಳಿ ಇಂದಿಗಿಂತ ಒಳ್ಳೆಯ ಉಪಕರಣಗಳಿರುತ್ತವೆ. ಓದಲು ಮಣ್ಣು ಇರಬೇಕು.