ಬಸ್ ಸ್ಟಾಪ್ ಬಂತು, ಬಸ್ಸು ಬರಲಿಲ್ಲ

ನಮ್ಮ ಬಡಾವಣಿಗೆ ಬಸ್ ಸ್ಟಾಪ್ ಬಂದು ಎರಡು ವರ್ಷ ಆತು. ಛಂದ ಸ್ಟೀಲಿನ ಕಂಬ, ಮ್ಯಾಲೆ ತಗಡು, ಕೂಡಲಿಕ್ಕೆ ಗ್ರ್ಯಾನೈಟಿನ ಕಟ್ಟಿ. ಮೊನ್ನೆ ಶುಕ್ರವಾರ ಮುಂಜಾನೆ ಹೂವು ತರಲಿಕ್ಕೆ ಹೋದಾಗ ನೋಡಿದ್ರ, ಆ ಕಟ್ಟಿ ಮ್ಯಾಲೆ ಹಳೇ ಸೀರಿ ಹಾಸಿ ಯಾರೋ ಸಂಡಿಗಿ ಹಾಕ್ಯಾರ! ಎಳೀ ಬಿಸಲು ಅಗದೀ ನೇರ ಅಲ್ಲೇ ಬೀಳ್ತದ ಖರೇ. ಕಾಗಿ ಓಡಸಲಿಕ್ಕೆ ಮೊಮ್ಮಗನ್ನ ಬ್ಯಾರೇ ಕೂಡಿಸ್ಯಾರ. ಸಂಡಿಗಿ ಹಾಕಿದವರು ಇದನ್ನ ಓದ್ತಾರ ಅಂತ ನನಗ ಗೊತ್ತದ, ಹೆಸರು ಹೇಳೂದಿಲ್ಲ, ಸಿಟ್ಟಾಗಬ್ಯಾಡ್ರಿ. ನಿಮ್ಮದೇನೂ ತಪ್ಪಿಲ್ಲ. ಆ ಸ್ಟಾಪಿಗೆ ಇಲ್ಲೀತನಕಾ ಒಂದೂ ಬಸ್ಸು ಬಂದಿಲ್ಲ. ಖಾಲೀ ಬಿದ್ದ ಕಟ್ಟಿ ಸಂಡಿಗಿಗರೆ ಉಪಯೋಗ ಆತಲ್ಲ.

ನಗಲಿಕ್ಕೆ ಛಲೋ ಅನಸ್ತದ. ಆದ್ರ ನಮ್ಮ ಹಿಂದಿನ ಓಣ್ಯಾಗಿನ ಅಕ್ಕಾರ ವಿಷಯ ನೆನಪಾದ್ರ ನಗು ಬರೂದಿಲ್ಲ.

ಅಕ್ಕಾರು ನವನಗರದಾಗ ಎರಡು ಮನಿ ಅಡಗಿ ಮಾಡ್ತಿದ್ರು. ಒಂದು ಮನಿ ಮುಂಜಾನೆ, ಒಂದು ಮನಿ ಸಂಜಿಗೆ. ಯಜಮಾನ್ರು ಹೋಗಿ ಆರು ವರ್ಷ ಆತು, ಮಗಾ ಪಿಯುಸಿ ಎರಡನೇ ವರ್ಷ. ನಮ್ಮ ಬಡಾವಣಿಯಿಂದ ಚಿಗರಿ ನಿಲ್ಲೂ ದೊಡ್ಡ ರಸ್ತೆ ಎರಡೂವರಿ ಕಿಲೋಮೀಟರ್. ಮುಂಜಾನೆ ನಡದು ಹೋಗ್ತಿದ್ರು. ರಾತ್ರಿ ಎಂಟೂವರಿಗೆ ಇಳದ್ರ, ಅರ್ಧಾ ದಾರಿ ದೀಪ ಇಲ್ಲ, ಖಾಲೀ ಸೈಟಿನಾಗ ನಾಯಿ ಹಿಂಡು. ಆಟೋದವರು ಆ ಹೊತ್ತಿಗೆ 60 ರೂಪಾಯಿಗೆ ಕಡಿಮಿ ಬರೂದಿಲ್ಲ. ತಿಂಗಳಿಗೆ 26 ದಿವಸ ಹಿಡದ್ರ 1560 ರೂಪಾಯಿ. ಸಂಜಿ ಮನಿಯವರು ಕೊಡತಿದ್ದದ್ದು 4500. ಮೂರನೇ ಪಾಲು ಆಟೋಕ್ಕ ಹೋತಲ್ಲ! ಅದಕ್ಕ ರಾತ್ರೀನೂ ನಡದ ಬರಲಿಕ್ಕೆ ಸುರು ಮಾಡಿದ್ರು. ಶ್ರಾವಣದಾಗ ಒಂದಿನ ಮಳ್ಯಾಗ ನಾಯಿ ಬೆನ್ನ ಹತ್ತಿ, ಗಟಾರದ ಹತ್ರ ಬಿದ್ದು ಮಣಕಾಲು ಒಡಕೊಂಡ್ರು. ಹದಿನೈದು ದಿನ ಮನ್ಯಾಗ ಕೂತು, ಆಮ್ಯಾಲೆ ಸಂಜಿ ಮನಿ ಬಿಟ್ಟಬಿಟ್ರು. ಮಗನ ಟ್ಯೂಷನ್ನೂ ನಿಂತದ. "ಅಡಗಿ ಮಾಡಲಿಕ್ಕೆ ಬ್ಯಾಸರಿಲ್ರೀ ವೈನೀ, ಮನಿಗೆ ಬರೂದ ದೊಡ್ಡ ಕೆಲಸ ಆಗೇದ" ಅಂದ್ರು.

ಹುಬ್ಬಳ್ಳಿ-ಧಾರವಾಡದ ನಡುವ ಬಸ್ಸಿನ ಕೊರತಿ ಅದ ಅಂತ ಯಾರೂ ಅನ್ನೂಹಂಗಿಲ್ಲ. ಚಿಗರಿ ಬಸ್ಸು 2018ರ ಅಕ್ಟೋಬರದಾಗ ಪ್ರಾಯೋಗಿಕವಾಗಿ ಓಡಲಿಕ್ಕೆ ಸುರು ಆತು, 2020ರ ಫೆಬ್ರವರಿ 2ಕ್ಕ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟನಾ ಮಾಡಿದ್ರು. ಸುಮಾರು 22 ಕಿಲೋಮೀಟರ್, ನಡು ರಸ್ತ್ಯಾಗ ಬಸ್ಸಿಗೇ ಬ್ಯಾರೇ ದಾರಿ, ವಿಶ್ವಬ್ಯಾಂಕಿನ ಸಾಲಾ ಸುದ್ಧಾ ಅದಕ್ಕ ಬಂದದ. ನಾ ಚಿಗರಿ ಬಯ್ಯಾಕಿ ಅಲ್ಲ. ನಮ್ಮ ಅತ್ತಿಯವರನ್ನ ದವಾಖಾನಿಗೆ ಕರಕೊಂಡು ಹೋಗುವಾಗ ನಿಲ್ದಾಣದ ನೆಲಕ್ಕೂ ಬಸ್ಸಿನ ನೆಲಕ್ಕೂ ಸಮಾ ಇರತದಲ್ಲ, ಅವರು ಒಂದು ಮೆಟ್ಟಲಾ ಸುದ್ಧಾ ಹತ್ತೂದು ಬ್ಯಾಡ. ಎಸಿ ಗಾಳಿಗೆ ಅಲ್ಲೇ ತೂಕಡಸ್ತಾರ. ಹಳೇ ಕಾಲದಾಗ ಹುಬ್ಬಳ್ಳಿಗೆ ಹೋಗಿ ಬರೂದಂದ್ರ ಒಂದು ದಿವಸದ ಕೆಲಸ, ಈಗ ಜವಳಿ ಸಾಲಿನಾಗ ಸೀರಿ ತಗೊಂಡು ಮಧ್ಯಾಹ್ನ ಊಟಕ್ಕ ಮನಿಗೆ ಬರಬಹುದು.

ಆದ್ರ ಮನಿಗೆ ಅಂದ್ರ ಎಲ್ಲೀತನಕಾ? ದೊಡ್ಡ ರಸ್ತೆತನಕಾ. ಅಲ್ಲಿಂದ ಮುಂದ ನಿಮ್ಮ ಕಾಲು, ನಿಮ್ಮ ಆಟೋ, ನಿಮ್ಮ ದೇವರು. ಹೆದ್ದೊರಿಗೆ ನೀರು ತಂದು ಕಾಲುವಿ ತೋಡದ ಹಂಗ ಆಗೇದ ನಮ್ಮ ಊರಿನ ಬಸ್ಸಿನ ಹಣೇಬರಹ.

ಅಕ್ಕಾರು ಬಿದ್ದ ಮ್ಯಾಲೆ ನಾವು ನಾಲ್ಕು ಮಂದಿ ಹೆಣ್ಮಕ್ಕಳು ಅರ್ಜಿ ಬರಕೊಂಡು ಕಚೇರಿ ಕಚೇರಿ ಅಡ್ಡಾಡಿದ್ವಿ. ಯಾವ ಕಚೇರಿ ಅಂತ ಬರಿಯೂದಿಲ್ಲ, ಅಲ್ಲಿ ಕೂತವರೂ ನಮ್ಮಂಥಾ ಸಂಸಾರಸ್ಥರೇ. ಒಂದರಾಗ ಅಂದ್ರು, "ನಾವು ಶೆಲ್ಟರ್ ಕಟ್ಟಿಸಿ ಕೊಟ್ಟೇವಿ, ಬಸ್ಸು ನಮ್ಮದಲ್ರಿ." ಇನ್ನೊಂದರಾಗ, "ಬಸ್ಸು ಬಿಡಲಿಕ್ಕೆ ರಸ್ತೆ ಸರಿ ಇಲ್ಲ, ತಿರುವಿನಾಗ ಬಸ್ಸು ಹೊಳ್ಳೂದಿಲ್ಲ, ರಸ್ತೆ ನಮ್ಮದಲ್ರಿ." ಮೂರನೇದರಾಗ, "ಲೇಔಟ್ ಮಂಜೂರಾದಾಗ ನಕ್ಷ್ಯಾಗ ರಸ್ತೆ ಸರೀನೇ ಅದ, ಆಮ್ಯಾಲೆ ಏನಾತೋ ಅದು ನಮ್ಮದಲ್ರಿ." ಮೂರೂ ಕಡೆ ಛಾ ಮಾತ್ರ ಕೊಟ್ರು.

ಸಿಟ್ಟು ಬಂತು, ಆದ್ರ ಮನಿಗೆ ಬಂದು ವಿಚಾರ ಮಾಡಿದ್ರ ಅವರು ಯಾರೂ ಸುಳ್ಳು ಹೇಳಿಲ್ಲ ಅಂತ ತಿಳೀತು. ನಾ ಪಿಯುಸಿಯೊಳಗ ರಾಜ್ಯಶಾಸ್ತ್ರ ಓದಿದಾಕಿ, ಆದ್ರ ನಗರಪಾಲಿಕೆಗಳಿಗೆ ಅಧಿಕಾರ ಕೊಟ್ಟ 74ನೇ ತಿದ್ದುಪಡಿ ಬಂದದ್ದು 1992ರಾಗ, ನನ್ನ ಓದು ಮುಗದ ಮ್ಯಾಲೆ. ಅಳಿಯಾ ಒಂದು ಪುಸ್ತಕ ತಂದು ತೋರಿಸಿದಾ. ಅದರಾಗ 12ನೇ ಅನುಸೂಚಿ ಅಂತ ಅದ, ಊರಿನ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸದ ಪಟ್ಟಿ. ನೀರು, ಕಸಾ, ರಸ್ತೆ, ಸೇತುವೆ, ಸ್ಮಶಾನ, ದನದ ದೊಡ್ಡಿ ಎಲ್ಲಾ ಅದ. ಬೀದಿ ದೀಪದ ಜೋಡಿ ಬಸ್ ನಿಲ್ದಾಣಾನೂ ಅದ. ಬಸ್ಸು ಮಾತ್ರ ಇಲ್ಲ! ನಾ ಎರಡು ಸಲ ಓದಿದೆ, ಚಷ್ಮಾ ಒರಸಿಕೊಂಡು ಮತ್ತೊಂದು ಸಲ ಓದಿದೆ. ನಮ್ಮ ಸಂಡಿಗಿ ಕಟ್ಟಿ ಹುಟ್ಟಿದ್ದು ಅಲ್ಲೇ ನೋಡ್ರಿ.

ಈಗ ನಮ್ಮ ಊರಾಗ ಹೆಂಗ ಅದ ಅಂದ್ರ: ಬಸ್ಸು ಓಡಸೂದು ವಾಯವ್ಯ ಸಾರಿಗಿ, ಅದು ಸರ್ಕಾರದ ಸಂಸ್ಥೆ. ಚಿಗರಿ ದಾರಿಗೆ ಬ್ಯಾರೇ ಒಂದು ಕಂಪನಿ. ಬಡಾವಣಿ ನಕ್ಷೆ ಪಾಸ್ ಮಾಡೂದು ಹುಡಾ. ಒಳಗಿನ ರಸ್ತೆ, ದೀಪ, ಸ್ಟಾಪು ಪಾಲಿಕೆ. ಇವರ ಜೋಡಿ ಬೆಂಗಳೂರಾಗ ಒಂದು ನಿರ್ದೇಶನಾಲಯ. ಒಂದ ಮನ್ಯಾಗ ಐದು ಮಂದಿ ಸೊಸ್ತೇರು, ಒಬ್ಬಾಕಿ ಕಾಯಿಪಲ್ಲೆ ಹೆಚ್ಚತಾಳ, ಒಬ್ಬಾಕಿ ಅಕ್ಕಿ ತೊಳೀತಾಳ, ಒಲಿ ಹಚ್ಚೂದು ಯಾರ ಪಾಳಿ ಅಂತ ಗೊತ್ತಿಲ್ಲ. ಮಾವನವರು ತಾಟಿನ ಮುಂದ ಕೂತಾರ. ಅತ್ತಿ ಅಂತ ಒಬ್ಬಾಕಿ ಬೇಕ್ರಿ ಅಲ್ಲೆ, ಬೈಸಿಕೊಂಡರೂ ಅಡ್ಡಿಯಿಲ್ಲ.

ನನ್ನ ಅಭಿಪ್ರಾಯ ಇಷ್ಟೇ, ಅವಳಿ ನಗರದ ಬಸ್ಸು, ರಸ್ತೆ, ಹೊಸಾ ಬಡಾವಣಿ ಮೂರನ್ನೂ ಒಂದ ನಕ್ಷ್ಯಾಗ ಇಟ್ಟು ನೋಡೂ ಒಂದು ಮಂಡಳಿ ಇಲ್ಲೇ ಆಗಬೇಕು, ಬೆಂಗಳೂರಾಗಲ್ಲ. ಅದರಾಗ ನಾವು ಆರಿಸಿ ಕಳಸಿದವರು ಇರಬೇಕು, "ನಮ್ಮದಲ್ರಿ" ಅನ್ನೂ ಮಾತು ಅಲ್ಲಿ ನಡೀಬಾರದು. ಬೆಂಗಳೂರಿಗೆ 2022ರಾಗ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಅಂತ ಮಾಡ್ಯಾರ, ಎಲ್ಲಾ ಇಲಾಖೆದವರನ್ನ ಒಂದು ಕಡೆ ಕೂಡಸಲಿಕ್ಕೆ. ಅಲ್ಲೆ ಬೇಕಾದದ್ದು ಇಲ್ಲೆ ಯಾಕ ಬ್ಯಾಡ?

ಇದನ್ನ ಈಗ ಹೇಳಲಿಕ್ಕೆ ಕಾರಣ ಅದ. 1962ರಾಗ ಎರಡೂ ಊರು ಕೂಡಿಸಿ ಒಂದು ಪಾಲಿಕೆ ಮಾಡಿದ್ರು. 2025ರ ಜನೇವರಿಯೊಳಗ ಧಾರವಾಡಕ್ಕ ಪ್ರತ್ಯೇಕ ಪಾಲಿಕೆ ಮಾಡಲಿಕ್ಕೆ ಸಂಪುಟ ಒಪ್ಪಿಗಿ ಕೊಟ್ಟದ. ಧಾರವಾಡದಾಕಿ ಆಗಿ ನನಗೂ ಸಂತೋಷನೇ, ಭಾಳ ದಿವಸದಿಂದ ಎಲ್ಲಾ ರೊಕ್ಕಾ ಹುಬ್ಬಳ್ಳಿಗೇ ಹೋಗ್ತದ ಅಂತ ನಮ್ಮವರು ಅನ್ನೂದು ಕೇಳೀನಿ. ಆದ್ರ ಅಕ್ಕಾರು ಮಲಗೂದು ಧಾರವಾಡದಾಗ, ಅಡಗಿ ಮಾಡೂದು ಹುಬ್ಬಳ್ಳಿ ಕಡೆ. ಮನಿ ಪಾಲಾದಾಗ ಬಾವಿ ಯಾರದು ಅಂತ ಮೊದಲೇ ಕಾಗದಾ ಮಾಡಿಕೋತೀವಲ್ಲ, ಹಂಗ ಬಸ್ಸಿನ ವಿಷಯಾನೂ ಪಾಲಿನ ಮೊದಲೇ ಬರದು ಇಡಬೇಕು. ಇಲ್ಲಾಂದ್ರ "ನಮ್ಮದಲ್ರಿ" ಅನ್ನೂ ಕಚೇರಿ ಇನ್ನೊಂದು ಹೆಚ್ಚಾದೀತು.

ನಮ್ಮನಿಯವರದು ಬ್ಯಾರೇ ವಾದ. "ನಿಮ್ಮ ಬಡಾವಣಿಗೆ ಮಧ್ಯಾಹ್ನ ಖಾಲೀ ಬಸ್ಸು ಓಡಿಸಿದ್ರ ಡೀಸಲ್ ರೊಕ್ಕಾ ಯಾರು ಕೊಡಬೇಕು?" ಅಂತ ಪೇಪರ್ ಮಡಚಿಟ್ಟು ಕೇಳಿದ್ರು. ಸರಿ ಅದ, ನಷ್ಟ ಆಗ್ತದ. ಆದ್ರ ದೊಡ್ಡ ಬಸ್ಸು ಯಾರು ಕೇಳ್ಯಾರ? ನಾ ಕೇಳೂದು ಸಣ್ಣ ಬಸ್ಸು, ತಿರುವಿನಾಗ ಹೊಳ್ಳೂವಂಥಾದ್ದು, ಚಿಗರಿ ವ್ಯಾಳ್ಯಾಕ್ಕ ಹೊಂದಿಸಿ ನಿಲ್ದಾಣದ ಬಾಗಲಾಗ ಬಿಡೂವಂಥಾದ್ದು. ಒಂದ ಟಿಕೆಟಿನಾಗ ಎರಡೂ ಆಗಬೇಕು. ಬ್ರೆಜಿಲ್ ದೇಶದಾಗ ಕುರಿಟಿಬಾ ಅಂತ ಊರದ, 1974ರಾಗೇ ಈ ನಡು ರಸ್ತಿ ಬಸ್ಸಿನ ದಾರಿ ಸುರು ಮಾಡಿದವರು ಅವರು. ಆದ್ರ ಅವರು ದೊಡ್ಡ ದಾರಿ ಒಂದೇ ಮಾಡಿ ಕೈ ತೊಳಕೊಳ್ಳಲಿಲ್ಲ, ಓಣಿ ಬಸ್ಸು ತಂದು ದೊಡ್ಡ ಬಸ್ಸಿಗೆ ಕೂಡಿಸಿದ್ರು, ಮತ್ತ ರೊಕ್ಕಾ ಕೊಡದ ಬಸ್ಸು ಬದಲಿ ಮಾಡೂಹಂಗ ಮಾಡಿದ್ರು. ದಿಲ್ಲಿಯೊಳಗ 2008ರಾಗ ಇಂಥಾ ದಾರಿ ಮಾಡಿ, 2016ರಾಗ ಕಿತ್ತಿ ಹಾಕಿದ್ರು. ನಮ್ಮಲ್ಲೂ ಚಿಗರಿ ಬದಲಿಗೆ ವಿದ್ಯುತ್ತಿನ ಉದ್ದನ್ನ ಬಸ್ಸು ತರೂ ಮಾತು ಎದ್ದದ. ತರ್ರಿ, ಬ್ಯಾಡನ್ನೂದಿಲ್ಲ. ಎಷ್ಟು ಉದ್ದ ಇದ್ರೂ ಅದು ನಮ್ಮ ಓಣಿಗೆ ಬರೂದಿಲ್ಲಲ್ಲ.

ಇನ್ನ ಶಕ್ತಿ ವಿಷಯ. 2023ರ ಜೂನ್ 11ರಿಂದ ನಮಗ ಬಸ್ಸು ಪುಕಟ ಆತು, ನಾನೂ ಶೂನ್ಯ ಟಿಕೆಟ್ ತಗೊಂಡು ಯಲ್ಲಮ್ಮನ ಗುಡ್ಡಕ್ಕ ಹೋಗಿ ಬಂದೀನಿ, ನಾಚಿಕಿ ಇಲ್ಲ. ಆದ್ರ ಚಿಗರಿ ಎಸಿ ಬಸ್ಸು, ಅದಕ್ಕ ಶಕ್ತಿ ಹತ್ತೂದಿಲ್ಲ. ಹಿಂಗಾಗಿ ಏನಾಗೇದ ಅಂದ್ರ, ರೊಕ್ಕಾ ಇದ್ದವರು ಖಾಲೀ ದಾರ್ಯಾಗ ಝುಂ ಅಂತ ಹೋಗ್ತಾರ, ಅಕ್ಕಾರಂಥವರು ರೊಕ್ಕಾ ಉಳಸಲಿಕ್ಕೆ ಸಾದಾ ಬಸ್ಸಿಗೆ ಕಾದು, ಲಾರಿ ನಡುವ ಸಿಕ್ಕೊಂಡು ಬರ್ತಾರ. ನಡು ರಸ್ತ್ಯಾಗಿನ ಆ ಛಲೋ ದಾರಿ ಯಾರ ಸಲುವಾಗಿ ಮಾಡಿದ್ದು ಅನ್ನೂದನ್ನರೆ ಯಾರರೆ ಹೇಳಬೇಕಲ್ಲ. ಟಿಕೆಟ್ ಪುಕಟ ಮಾಡಿದಷ್ಟೇ ಮನಸ್ಸು ಮಾಡಿ ಬಸ್ಸು ಎಲ್ಲೀತನಕಾ ಬರ್ತದ ಅಂತಾನೂ ನೋಡಿದ್ರ ಅಕ್ಕಾರ 1560 ರೂಪಾಯಿ ಉಳೀತಿತ್ತು.

ಮತ್ತೊಂದು ಹೇಳಲೇಬೇಕು. ಬಸ್ಸಿನ ವ್ಯಾಳ್ಯಾ ಹಾಕೂವಾಗ ಮುಂಜಾನೆ ಒಂಬತ್ತಕ್ಕ ಹೋಗಿ ಸಂಜಿ ಆರಕ್ಕ ಬರೂ ಮಂದಿ ಅಷ್ಟೇ ಕಣ್ಣಿಗೆ ಕಾಣಸ್ತಾರ. ನಾವು ಹಂಗ ಅಡ್ಡಾಡೂದಿಲ್ಲ. ಹನ್ನೊಂದಕ್ಕ ಬ್ಯಾಂಕು, ಅಲ್ಲಿಂದ ಔಷಧದ ಅಂಗಡಿ, ಬರುವಾಗ ಸೂಪರ್ ಮಾರ್ಕೆಟಿನಾಗ ಕಾಯಿಪಲ್ಲೆ, ಮೂರಕ್ಕ ಸಾಲಿ ಬಿಡೂ ಹೊತ್ತಿಗೆ ಮನಿ. ಒಂದ ದಿವಸಕ್ಕ ನಾಲ್ಕು ಕಡೆ, ಕೈಯಾಗ ಎರಡು ಚೀಲಾ. ಈ ಲೆಕ್ಕಾ ಯಾರೂ ಕೇಳಿಲ್ಲ, ನಾವೂ ಕೊಟ್ಟಿಲ್ಲ ಅನ್ನೂದೂ ಖರೇನೇ.

ಅದಕ್ಕ ಈ ಸಲ ನಾವೇ ಲೆಕ್ಕಾ ಮಾಡಿ ಕೊಡೂಣು ಅಂತೀನಿ. ಹಾಳ್ಯಾಗ ನೀವು ಎಷ್ಟು ಗಂಟೆಕ್ಕ ಮನಿ ಬಿಡ್ತೀರಿ, ಎಲ್ಲಿಗೆ ಹೋಗ್ತೀರಿ, ಆಟೋಕ್ಕ ಎಷ್ಟು ಕೊಡ್ತೀರಿ ಅಂತ ಒಂದು ವಾರದ್ದು ಬರದು ಇಡ್ರಿ. ಸೊಸ್ತೇರದ್ದು, ಕೆಲಸಕ್ಕ ಬರೂ ಬಾಯಾರದ್ದೂ ಕೇಳಿ ಬರೀರಿ. ಮುಂದಿನ ಗುರುವಾರ ರಾಯರ ಮಠಕ್ಕ ಬರೂವಾಗ ತಂದು ನನ್ನ ಕೈಯಾಗ ಕೊಡ್ರಿ, ಎಲ್ಲಾ ಕೂಡಿಸಿ ಒಂದು ಪಟ್ಟಿ ಮಾಡಿ ನಮ್ಮ ವಾರ್ಡಿನ ಸದಸ್ಯರಿಗೂ, ಆ ಮೂರೂ ಕಚೇರಿಗೂ ಕೊಡೂಣು. ಅಕ್ಕಾರದ್ದು ನಾ ಆಗಲೇ ಬರಕೊಂಡೀನಿ. ಸಂಡಿಗಿ ಮಾಮೀ, ನಿಮ್ಮದೂ ಬರ್ಲಿ.